ಜೀನ್ ಚೆನ್ನಾಗಿದ್ದೂ ಬರುವ ಕ್ಯಾನ್ಸರ್

ಕೇಳುಗರಿಗೆ ನಮಸ್ಕಾರ.

ಜೀನ್ ಕೆಟ್ಟರೆ ಕ್ಯಾನ್ಸರ್ ಬರುತ್ತದೆ ಅಂತ ಎಲ್ಲರೂ ಕೇಳಿರುತ್ತೀರಿ. ನಿಜವೇ. ಆದರೆ ಜೀನ್ ಚೆನ್ನಾಗೇ ಇದ್ದು, ಕೆಲಸ ಮಾಡಲಾಗದ ಹಾಗೆ ಮುಚ್ಚಿಹೋದರೂ ಕ್ಯಾನ್ಸರಿಗೆ ದಾರಿಯಾಗುತ್ತದೆ. ಇದು ಅಷ್ಟಾಗಿ ಯಾರ ಕಿವಿಗೂ ಬೀಳದ ಮಾತು.

ನಮ್ಮ ಒಂದೊಂದು ಜೀವಕೋಶದಲ್ಲೂ ಸುಮಾರು 2 ಮೀಟರ್ ಡಿಎನ್‌ಎ ಇದೆ. ಅಷ್ಟು ಉದ್ದದ್ದು ಅಷ್ಟು ಚಿಕ್ಕ ಜಾಗದಲ್ಲಿ ಹೇಗೆ ಹಿಡಿಸುತ್ತದೆ? ರೀಲಿಗೆ ದಾರ ಸುತ್ತಿದ ಹಾಗೆ ಹಿಸ್ಟೋನ್ ಎಂಬ ಪ್ರೋಟೀನುಗಳಿಗೆ ಸುತ್ತಿಕೊಂಡಿರುತ್ತದೆ. ಈ ಹಿಸ್ಟೋನುಗಳಿಗೆ ಹೊರಗೆ ಚಾಚಿಕೊಂಡ ಬಾಲಗಳಿವೆ. ಆಟವೆಲ್ಲ ಅಲ್ಲೇ. ಬಾಲಕ್ಕೆ ಅಸಿಟೈಲ್ ಎಂಬ ಪುಟ್ಟ ರಾಸಾಯನಿಕ ಗುಂಪು ಅಂಟಿದರೆ ಸುತ್ತು ಸಡಿಲವಾಗಿ ಜೀನ್ ಕೆಲಸ ಶುರುಮಾಡುತ್ತದೆ. ಅದು ಕಿತ್ತುಬಂದರೆ ಸುತ್ತು ಬಿಗಿಯಾಗುತ್ತದೆ. ಕೋಶ ಬೆಳೆಯುವುದನ್ನು ತಡೆಯುವ ಜೀನ್ ಹೀಗೆ ಮುಚ್ಚಿಹೋದರೆ ಏನಾಗಬೇಡ ಹೇಳಿ? ಕೋಶ ಒಡೆದು ಎರಡಾಗುತ್ತಲೇ ಹೋಗುತ್ತದೆ.

ಕೆಲವೊಮ್ಮೆ ಹಿಸ್ಟೋನೇ ಕೆಟ್ಟಿರುತ್ತದೆ. ಮಕ್ಕಳ ಮೆದುಳಿನ ಕಾಂಡದಲ್ಲಿ ಬರುವ ಒಂದು ಕ್ರೂರ ಗಡ್ಡೆಯಲ್ಲಿ, ಎಚ್3 ಎಂಬ ಬಗೆಯ ಹಿಸ್ಟೋನಿನ 27ನೇ ಜಾಗದಲ್ಲಿ ಲೈಸೀನ್ ಎಂಬ ಅಮೈನೋ ಆಮ್ಲದ, ಅಂದರೆ ಪ್ರೋಟೀನು ಕಟ್ಟುವ ಇಟ್ಟಿಗೆಯ, ಬದಲು ಮೆಥಿಯೊನೀನ್ ಎಂಬ ಇನ್ನೊಂದು ಕೂತಿರುತ್ತದೆ. ಇದು ಗೊತ್ತಾಗಿದ್ದು 2012ರಲ್ಲಿ. ಇಷ್ಟೇ ಇಷ್ಟು ಬದಲಾವಣೆಗೆ ಒಂದು ಮಗುವಿನ ಜೀವ ಅಂದರೆ ಸಂಕಟವಾಗುತ್ತದೆ.

ನಮ್ಮ ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಸಂಶೋಧನಾ ಕೇಂದ್ರದಲ್ಲಿ ತಪಸ್ ಕುಂಡು ಅವರ ತಂಡ ಬಾಯಿ ಕ್ಯಾನ್ಸರಿನ ಗಡ್ಡೆಗಳನ್ನು ಪರೀಕ್ಷಿಸಿತು. ಅಲ್ಲಿ ಕಂಡದ್ದು ಇನ್ನೊಂದು ಬಗೆಯ ಎಡವಟ್ಟು: ಹಿಸ್ಟೋನುಗಳಿಗೆ ಅಸಿಟೈಲ್ ಜಾಸ್ತಿ ಅಂಟಿತ್ತು. ಅಂಟಿಸುವ ಕಿಣ್ವಗಳಲ್ಲಿ ಪಿ300 ಎಂಬುದೊಂದು. ಅರಿಶಿನದ ಕರ್ಕ್ಯುಮಿನ್, ಮುರುಗಲು ಸಿಪ್ಪೆಯ ಗಾರ್ಸಿನಾಲ್ ಈ ಪಿ300ನ್ನು ತಡೆಯುತ್ತವೆ ಅಂತ ಇದೇ ಪ್ರಯೋಗಾಲಯ 2004ರಲ್ಲಿ ತೋರಿಸಿತ್ತು. ಹಾಗಂತ ಅರಿಶಿನ ತಿಂದು ಕ್ಯಾನ್ಸರ್ ವಾಸಿಮಾಡಿಕೊಳ್ಳುತ್ತೇನೆ ಅಂತ ಯಾರೂ ಆಸ್ಪತ್ರೆ ಬಿಡಬೇಡಿ, ದಯವಿಟ್ಟು. ತಿಂದ ಕರ್ಕ್ಯುಮಿನ್ ರಕ್ತಕ್ಕೆ ಸೇರುವುದು ತೀರಾ ಕಡಿಮೆ.

ಇದರಲ್ಲಿ ನನಗೆ ಭರವಸೆ ಕಾಣುವುದು ಒಂದು ಕಡೆ. ಕೆಟ್ಟ ಜೀನನ್ನು ರಿಪೇರಿ ಮಾಡುವುದು ಬಹಳ ಕಷ್ಟ. ಆದರೆ ಅಂಟಿದ್ದನ್ನು ಕೀಳಬಹುದು, ಕಿತ್ತದ್ದನ್ನು ಮತ್ತೆ ಅಂಟಿಸಬಹುದು. ಅಸಿಟೈಲ್ ಕೀಳುವ ಕಿಣ್ವವನ್ನು ತಡೆಯುವ ವೊರಿನೊಸ್ಟಾಟ್ ಎಂಬ ಔಷಧಿಗೆ ಅಮೆರಿಕದಲ್ಲಿ 2006ರಲ್ಲೇ ಒಪ್ಪಿಗೆ ಸಿಕ್ಕಿತು. ಚರ್ಮದಲ್ಲಿ ಕಾಣಿಸಿಕೊಳ್ಳುವ ಒಂದು ಬಗೆಯ ಲಿಂಫೋಮಾಗೆ, ಅಂದರೆ ಬಿಳಿ ರಕ್ತಕಣಗಳ ಕ್ಯಾನ್ಸರಿಗೆ, ಅದನ್ನು ಕೊಡುತ್ತಾರೆ. ತೊಂದರೆ ಏನಪ್ಪಾ ಅಂದರೆ, ಅದು ರೋಗದ ಕೋಶ, ಒಳ್ಳೆಯ ಕೋಶ ಅಂತ ನೋಡುವುದಿಲ್ಲ. ಸುಸ್ತು, ಭೇದಿ, ಪ್ಲೇಟ್‌ಲೆಟ್ ಇಳಿಯುವುದು ಎಲ್ಲ ಜೊತೆಗೇ ಬರುತ್ತದೆ. ಕ್ಯಾನ್ಸರ್ ಕೋಶದ ಹಿಸ್ಟೋನನ್ನು ಮಾತ್ರ ಮುಟ್ಟುವ ಔಷಧಿಗೆ ಹುಡುಕಾಟ ಇನ್ನೂ ನಡೆದಿದೆ.

ನಮಸ್ಕಾರ.