ಓದಿನ ಜಾಡು: ವಿಶ್ವವಿದ್ಯಾಲಯದ ಗ್ರಂಥಾಲಯ ಮತ್ತು ಓದುಗರ ಖಾಸಗಿತನ

ಕೇಳುಗರಿಗೆ ನಮಸ್ಕಾರ. ಕಂಪ್ಯೂಟರ್ ಬರುವ ಮುನ್ನ ಎಷ್ಟೋ ಗ್ರಂಥಾಲಯಗಳು ಪುಸ್ತಕವನ್ನು ಎರವಲು ಕೊಡಲು ಬ್ರೌನ್ ಪದ್ಧತಿಯನ್ನು ಅನುಸರಿಸುತ್ತಿದ್ದವು. ಪುಸ್ತಕದ ಕಾರ್ಡನ್ನು ಓದುಗರ ಟಿಕೆಟ್ಟಿನೊಳಗೆ ಸೇರಿಸಿ, ಹಿಂದಿರುಗಿಸಬೇಕಾದ ದಿನಾಂಕದ ಪ್ರಕಾರ ಟ್ರೇಯಲ್ಲಿ ಜೋಡಿಸಿಡುತ್ತಿದ್ದರು. ಪುಸ್ತಕ ಮರಳಿ ಬಂದೊಡನೆ ಟಿಕೆಟ್ ಓದುಗರ ಕೈಸೇರುತ್ತಿತ್ತು, ಕಾರ್ಡು ಪುಸ್ತಕದೊಳಗೆ ಹೋಗುತ್ತಿತ್ತು. ಅದನ್ನು ಯಾರು ಓದಿದರೆಂಬ ಗುರುತು ಉಳಿಯುತ್ತಿರಲಿಲ್ಲ. ಇದನ್ನು ಆ ಪದ್ಧತಿಯ ಕೊರತೆಯೆಂದು ಎಣಿಸಿದವರೂ ಇದ್ದರು. ಓದುಗರ ಖಾಸಗಿತನದ ದೃಷ್ಟಿಯಿಂದ ಅದೇ ಅದರ ದೊಡ್ಡ ಗುಣವೆಂದು ನಾನು ನಂಬುತ್ತೇನೆ.

ಇಂದು ಪರಿಸ್ಥಿತಿ ತಿರುವುಮುರುವಾಗಿದೆ. ವಿದ್ಯಾರ್ಥಿನಿಯೊಬ್ಬಳು ಮನೆಯಿಂದಲೇ ಗ್ರಂಥಾಲಯದ ಚಂದಾ ಇರುವ ಸಂಶೋಧನಾ ಪತ್ರಿಕೆಯನ್ನು ತೆರೆದಾಗ ಹಲವು ವಿಶ್ವವಿದ್ಯಾಲಯಗಳಲ್ಲಿ ಅವಳ ಕೋರಿಕೆ ಪ್ರಾಕ್ಸಿ ಸರ್ವರ್ ಮೂಲಕ, ಅಂದರೆ ಓದುಗರಿಗೂ ಪ್ರಕಾಶಕರ ಜಾಲತಾಣಕ್ಕೂ ನಡುವೆ ನಿಂತ ಕಂಪ್ಯೂಟರಿನ ಮೂಲಕ ಹಾದುಹೋಗುತ್ತದೆ. ಬಳಕೆಯನ್ನೆಲ್ಲ ತಾನಾಗಿಯೇ ದಾಖಲಿಸಿಕೊಳ್ಳುವ ಅಲ್ಲಿನ ಲಾಗ್ ಕಡತದಲ್ಲಿ ಒಂದು ಸಾಲು ಸೇರುತ್ತದೆ. ಅಂತರಜಾಲದಲ್ಲಿ ಅವಳ ಸಂಪರ್ಕದ ಗುರುತುಸಂಖ್ಯೆಯಾದ ಐಪಿ ವಿಳಾಸ, ಲಾಗಿನ್ ಹೆಸರು, ಸೆಕೆಂಡಿನವರೆಗಿನ ಸಮಯ, ತೆರೆದ ಲೇಖನದ ಪೂರ್ಣ ಜಾಲವಿಳಾಸ, ಇವೆಲ್ಲವೂ ಆ ಒಂದೇ ಸಾಲಿನಲ್ಲಿ ಇರಬಲ್ಲವು. ಹುಡುಕಲು ಬಳಸಿದ ಪದಗಳು ಆ ವಿಳಾಸದಲ್ಲಿಯೇ ಅಡಕವಾಗಿರುವುದೂ ಉಂಟು. ಖಿನ್ನತೆಯ ಬಗ್ಗೆಯೋ ಗರ್ಭಪಾತದ ಬಗ್ಗೆಯೋ ಅವಳು ಓದಿದ್ದು ಪ್ರಬಂಧಕ್ಕಾಗಿಯೇ, ಸ್ವಂತ ಸಂಕಟಕ್ಕಾಗಿಯೇ ಎಂಬುದನ್ನು ಆ ಸಾಲು ಹೇಳುವುದಿಲ್ಲ, ಆದರೆ ನೋಡಿದವರು ತಮಗೆ ತೋಚಿದಂತೆ ಊಹಿಸಿಕೊಳ್ಳುತ್ತಾರೆ. ಕದ್ದ ಪಾಸ್‌ವರ್ಡ್ ಬಳಸಿ ರಾಶಿಗಟ್ಟಲೆ ಲೇಖನಗಳನ್ನು ಇಳಿಸಿಕೊಳ್ಳುವವರನ್ನು ಪತ್ತೆಹಚ್ಚಲು ಈ ಲಾಗ್ ಬೇಕೇ ಬೇಕು. ಆ ಕೆಲಸಕ್ಕೆ ಕೆಲವು ವಾರಗಳ ದಾಖಲೆ ಸಾಕು; ವರ್ಷಗಟ್ಟಲೆ ಕೂಡಿಡುವುದಕ್ಕೆ ಹೆಚ್ಚಿನ ಕಡೆ ಅಳಿಸುವವರಿಲ್ಲ ಎಂಬುದೊಂದೇ ಕಾರಣ.

ಗ್ರಂಥಾಲಯದ ಹೊರಗೂ ಜಾಡು ಉಳಿಯುತ್ತದೆ. ಅಡೋಬಿ ಸಂಸ್ಥೆಯ ಇ-ಪುಸ್ತಕ ತಂತ್ರಾಂಶವು ಓದಿನ ವಿವರಗಳನ್ನು ಗೂಢಲಿಪೀಕರಣವಿಲ್ಲದೆ, ಅಂದರೆ ನಡುವೆ ಬೇರೆಯವರೂ ಓದಬಹುದಾದ ರೂಪದಲ್ಲಿ, ತನ್ನ ಸರ್ವರಿಗೆ ಕಳುಹಿಸುತ್ತಿದ್ದುದು 2014ರಲ್ಲಿ ಬಯಲಾಯಿತು. ಗ್ರಂಥಾಲಯಗಳ ಇ-ಪುಸ್ತಕಗಳನ್ನೂ ಅನೇಕರು ಅದೇ ತಂತ್ರಾಂಶದಲ್ಲಿ ಓದುತ್ತಿದ್ದರು.

ಹೆಚ್ಚು ಕಳವಳಪಡಬೇಕಾದ ಸಂಗತಿ ಒಳ್ಳೆಯ ಉದ್ದೇಶದಿಂದಲೇ ನಡೆಯುವ ಸಂಗ್ರಹ. ಗ್ರಂಥಾಲಯವನ್ನು ಬಳಸುವ ವಿದ್ಯಾರ್ಥಿಗಳು ಹೆಚ್ಚು ಅಂಕ ಗಳಿಸುತ್ತಾರೆಂದು ಆಡಳಿತಕ್ಕೆ ತೋರಿಸಲು, ಎರವಲಿನ ದಾಖಲೆಯನ್ನು ಅಂಕಪಟ್ಟಿಯೊಂದಿಗೆ ಜೋಡಿಸುವ ಅಧ್ಯಯನಗಳು ಹಲವು ವಿಶ್ವವಿದ್ಯಾಲಯಗಳಲ್ಲಿ ನಡೆದಿವೆ. ಎರಡಕ್ಕೂ ನಂಟು ಕಂಡುಬಂದರೂ, ಪುಸ್ತಕದಿಂದ ಅಂಕ ಬಂತೋ, ಓದುವ ಹವ್ಯಾಸವಿದ್ದವರೇ ಗ್ರಂಥಾಲಯಕ್ಕೆ ಬಂದರೋ ಎಂಬುದು ಅಷ್ಟರಿಂದ ತೀರ್ಮಾನವಾಗುವುದಿಲ್ಲ. ಹೆಸರು ತೆಗೆದಿದ್ದೇವೆ ಎಂಬ ಸಮಜಾಯಿಷಿಯೂ ಪೂರ್ತಿ ನಿಲ್ಲದು. ಜನ್ಮದಿನಾಂಕ, ಲಿಂಗ, ಅಂಚೆ ವಲಯದ ಸಂಖ್ಯೆ ಈ ಮೂರರಿಂದಲೇ ಅಮೆರಿಕದ ಜನರಲ್ಲಿ ಸುಮಾರು 87 ಪ್ರತಿಶತ ಮಂದಿಯನ್ನು ಪ್ರತ್ಯೇಕವಾಗಿ ಗುರುತಿಸಬಹುದೆಂದು ಗಣಕ ವಿಜ್ಞಾನಿ ಲತಾನ್ಯಾ ಸ್ವೀನಿ 2000ದಲ್ಲಿ ಅಂದಾಜಿಸಿದ್ದರು. ವಿಭಾಗವೊಂದರಲ್ಲಿ ಒಬ್ಬಳೇ ಸಂಶೋಧನಾ ವಿದ್ಯಾರ್ಥಿನಿ ಇದ್ದರೆ, ವಿಭಾಗದ ಹೆಸರು ಮತ್ತು ಅವಳ ಹಂತ ನಮೂದಿಸಿದ ಪಟ್ಟಿಯಲ್ಲಿ ಬೇರೆ ಹೆಸರು ಬರೆಯುವ ಅಗತ್ಯವೇ ಇಲ್ಲ.

ಅಮೆರಿಕದ ಗ್ರಂಥಾಲಯ ಸಂಘವು ಓದುಗರ ಖಾಸಗಿ ಮಾಹಿತಿಯನ್ನು ಗೌಪ್ಯವಾಗಿಡುವುದು ಗ್ರಂಥಪಾಲಕರ ಹೊಣೆಯೆಂದು 1939ರ ತನ್ನ ನೀತಿಸಂಹಿತೆಯಲ್ಲಿಯೇ ಹೇಳಿತ್ತು. 2005ರಲ್ಲಿ ಕನೆಕ್ಟಿಕಟ್ ರಾಜ್ಯದ ನಾಲ್ವರು ಗ್ರಂಥಪಾಲಕರು, ಕಂಪ್ಯೂಟರ್ ಬಳಕೆಯ ಮಾಹಿತಿ ಕೇಳಿ ಎಫ್‌ಬಿಐ ನೀಡಿದ ಪತ್ರವನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಿದರು. ಆ ಪತ್ರದ ವಿಷಯವನ್ನು ಹೊರಗೆ ಬಾಯಿಬಿಡಕೂಡದೆಂಬ ನಿರ್ಬಂಧವೂ ಅವರ ಮೇಲಿತ್ತು. 2006ರಲ್ಲಿ ಸರ್ಕಾರ ನಿರ್ಬಂಧವನ್ನೂ ಬೇಡಿಕೆಯನ್ನೂ ಕೈಬಿಟ್ಟಿತು. ಅವರ ಧೈರ್ಯಕ್ಕೆ ನನ್ನ ಗೌರವವಿದೆ. ಆದರೆ ಎಲ್ಲ ಗ್ರಂಥಪಾಲಕರೂ ನ್ಯಾಯಾಲಯದ ಮೆಟ್ಟಿಲು ಹತ್ತಲಾರರು, ಹತ್ತಿದವರೆಲ್ಲ ಗೆಲ್ಲಲಾರರು. ಅಳಿಸಿಹೋದ ದಾಖಲೆಯನ್ನು ಒಪ್ಪಿಸುವಂತೆ ಮಾತ್ರ ಯಾರೂ ಒತ್ತಾಯಿಸಲಾರರು.

ಅಳಿಸುವ ದಾರಿಗಳು ಈಗಾಗಲೇ ನಮ್ಮ ಕೈಯಲ್ಲಿವೆ. ನ್ಯೂಜಿಲೆಂಡಿನಲ್ಲಿ ಹುಟ್ಟಿದ ಕೋಹಾ ಎಂಬ ಗ್ರಂಥಾಲಯ ನಿರ್ವಹಣೆಯ ತಂತ್ರಾಂಶದಲ್ಲಿ, ಮರಳಿಸಿದ ಪುಸ್ತಕಗಳ ವಿವರವನ್ನು ಉಳಿಸಬೇಕೇ ಬೇಡವೇ ಎಂಬುದನ್ನು ಓದುಗರೇ ಆಯ್ದುಕೊಳ್ಳುವ ಸೌಲಭ್ಯವಿದೆ. ಗ್ರಂಥಾಲಯ ಅದನ್ನು ಚಾಲನೆಗೊಳಿಸಿರಬೇಕು, ಅಷ್ಟೆ. ಹೆಸರು ಕಳಚಿದ ಮೇಲೂ ಪುಸ್ತಕ ಎಷ್ಟು ಬಾರಿ ಹೊರಹೋಯಿತೆಂಬ ಲೆಕ್ಕ ಉಳಿಯುವುದರಿಂದ ಪ್ರತಿಗಳ ಖರೀದಿಗೆ ತೊಂದರೆಯಾಗದು. ಪ್ರಕಾಶಕರೊಂದಿಗಿನ ಚಂದಾ ಕರಾರಿನಲ್ಲಿ ಅವರು ಯಾವ ಮಾಹಿತಿ ಪಡೆಯುತ್ತಾರೆ, ಯಾರಿಗೆ ದಾಟಿಸುತ್ತಾರೆ ಎಂಬುದನ್ನು ಸಹಿ ಹಾಕುವ ಮೊದಲೇ ಬರೆಸಿಕೊಳ್ಳಬೇಕು. ಲಾಗ್ ಕಡತಗಳನ್ನು ಎಷ್ಟು ದಿನ ಇಡಲಾಗುತ್ತದೆ ಎಂಬುದನ್ನು ಸದಸ್ಯತ್ವದ ಅರ್ಜಿಯಲ್ಲಿಯೇ ಮುದ್ರಿಸಿದರೆ ಓದುಗರು ಅದನ್ನು ತಿಳಿದುಕೊಂಡೇ ಸದಸ್ಯರಾಗುತ್ತಾರೆ. ನಮಸ್ಕಾರ.