ಆರತಕ್ಷತೆಯ ಸೂಟ್: ಹತ್ತು ಸಾವಿರದೊಳಗೆ ಕೊಳ್ಳುವುದು ಹೇಗೆ, ಟೈ ತಿರುಚಿಕೊಳ್ಳುವುದು ಏಕೆ?

(ನಿರೂಪಕರು ಮೇಜಿನ ಮುಂದೆ ಕುಳಿತಿದ್ದಾರೆ. ಮೇಜಿನ ಮೇಲೆ ಒಂದು ಕೋಟು, ಎರಡು ಟೈ ಮತ್ತು ಒಂದು ಕರವಸ್ತ್ರ ಇವೆ.)

ನಮಸ್ಕಾರ. ನಮ್ಮ ಚಿಕ್ಕಬಳ್ಳಾಪುರದ ಕಡೆ ಮುಹೂರ್ತದ ಹಿಂದಿನ ಸಂಜೆ ಆರತಕ್ಷತೆಗೆ ಸೂಟ್, ಮರುದಿನ ಬೆಳಗ್ಗೆ ಧಾರೆಗೆ ಪಂಚೆ ಎಂಬುದು ಈಗ ರೂಢಿಯಾಗಿಬಿಟ್ಟಿದೆ. ಪಂಚೆಯಲ್ಲಿ ಯಾವ ಮದುಮಗನೂ ಕೆಟ್ಟದಾಗಿ ಕಂಡದ್ದನ್ನು ನಾನು ನೋಡಿಲ್ಲ. ಸೂಟ್ ತೊಟ್ಟಾಗ ಮಾತ್ರ ಒಬ್ಬ ಮದುಮಗನಂತೆಯೇ ಕಂಡರೆ, ಇನ್ನೊಬ್ಬ ದೊಡ್ಡಪ್ಪನ ಕೋಟನ್ನು ಕಡ ತಂದವನಂತೆ ಕಾಣುತ್ತಾನೆ. ಶಿಡ್ಲಘಟ್ಟದ ವೀಕ್ಷಕರೊಬ್ಬರು ಕೇಳಿರುವುದೂ ಇದನ್ನೇ: ಸೂಟ್, ಅಂಗಿ, ಟೈ ಮೂರೂ ಹತ್ತು ಸಾವಿರ ರೂಪಾಯಿಯೊಳಗೆ ಮುಗಿಯಬೇಕು, ಅದೇ ಸೂಟ್ ಮುಂದೆ ಕೆಲಸದ ಸಂದರ್ಶನಕ್ಕೂ ಒದಗಬೇಕು, ಇದು ಆಗುವ ಮಾತೇ? ಆಗುತ್ತದೆ. ಹೆಗಲು ಸರಿಯಾಗಿರುವ ಕೋಟನ್ನು ಆರಿಸಿ, ಉಳಿದದ್ದನ್ನು ಒಬ್ಬ ಒಳ್ಳೆಯ ದರ್ಜಿಯ ಕೈಗೆ ಒಪ್ಪಿಸಿದರೆ ಸಾಕು.

ಮೊದಲ ಪಾಠವನ್ನು ಬೇಗ ಮುಗಿಸುತ್ತೇನೆ. ಕೋಟು ಮತ್ತು ಪ್ಯಾಂಟ್ ಒಂದೇ ತಾನಿನ ಬಟ್ಟೆಯಲ್ಲಿ ಹೊಲಿದದ್ದಾದರೆ ಅದು ಸೂಟ್. ಬೇರೆ ಬೇರೆಯಾದರೆ ನಮ್ಮಲ್ಲಿ ಬ್ಲೇಜರ್ ಎನ್ನುತ್ತಾರೆ. ಈ ಬೆಲೆಗೆ ನಮ್ಮೂರಿನ ಬಿ.ಬಿ. ರಸ್ತೆಯಲ್ಲಾಗಲಿ ಬೆಂಗಳೂರಿನ ಚಿಕ್ಕಪೇಟೆಯಲ್ಲಾಗಲಿ ಸಿಗುವುದು ಹೆಚ್ಚಾಗಿ ಪಾಲಿಯೆಸ್ಟರ್ ಮತ್ತು ವಿಸ್ಕೋಸ್ (ಮರದ ತಿರುಳಿನಿಂದ ತೆಗೆದ ನೂಲು) ಬೆರೆತ ಬಟ್ಟೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಅಂಥ ಬಟ್ಟೆಯ ಅಂಚಿನಲ್ಲಿ ‘ಸೂಪರ್ 100’ ಎಂದು ಅಚ್ಚಾಗಿದ್ದರೆ ಒಂದು ಮುಗುಳ್ನಗೆ ಬೀರಿ ಮುಂದೆ ಹೋಗಿ. ಆ ಸಂಖ್ಯೆ ಉಣ್ಣೆಯ ಎಳೆ ಎಷ್ಟು ತೆಳುವಾಗಿದೆ ಎಂಬುದನ್ನು ಹೇಳುತ್ತದೆ. ಸೂಪರ್ 100 ಎಂದರೆ ಎಳೆಯ ದಪ್ಪ 18.75 ಮೈಕ್ರಾನ್ ಮೀರಬಾರದು; ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಉಣ್ಣೆಯೇ ಇಲ್ಲದ ಬಟ್ಟೆಯ ಮೇಲೆ ಅದನ್ನು ಬರೆಯುವುದು, ನೀರಿನ ಬಾಟಲಿಯ ಮೇಲೆ ಹಾಲಿನ ಡಿಗ್ರಿ ಬರೆದಂತೆ.

(ನಿರೂಪಕರು ಕೋಟು ತೊಟ್ಟು ಗೋಡೆಯ ಪಕ್ಕಕ್ಕೆ ಹೋಗುತ್ತಾರೆ.)

ಇನ್ನು ಹೆಗಲು. ತೋಳಿನ ಉದ್ದ, ಸೊಂಟದ ಸುತ್ತಳತೆ, ಪ್ಯಾಂಟಿನ ಉದ್ದ, ಇವೆಲ್ಲವನ್ನೂ ಆಲ್ಟ್ರೇಷನ್ ಮಾಡುವವರು ಒಂದೆರಡು ದಿನದಲ್ಲಿ, ಹೆಚ್ಚು ಖರ್ಚಿಲ್ಲದೆ ಸರಿಪಡಿಸಿ ಕೊಡುತ್ತಾರೆ. ಹೆಗಲನ್ನು ಸರಿಪಡಿಸಬೇಕಾದರೆ ತೋಳು, ಲೈನಿಂಗ್, ಒಳಗಿನ ಪ್ಯಾಡ್ ಎಲ್ಲವನ್ನೂ ಬಿಚ್ಚಿ ಮತ್ತೆ ಕೂರಿಸಬೇಕು, ಆ ಕೂಲಿಗೆ ಅಗ್ಗದ ಕೋಟು ಇನ್ನೊಂದೇ ಬರಬಹುದು. ಆದ್ದರಿಂದ ಅಂಗಡಿಯಲ್ಲಿಯೇ ಹೀಗೆ ಗೋಡೆಯ ಪಕ್ಕಕ್ಕೆ ನಿಂತು, ನಿಧಾನವಾಗಿ ಒರಗಿ ನೋಡಿ. ನಿಮ್ಮ ತೋಳಿಗಿಂತ ಮೊದಲು ಹೆಗಲಿನ ಪ್ಯಾಡ್ ಗೋಡೆಗೆ ತಗುಲಿದರೆ ಕೋಟು ನಿಮಗೆ ದೊಡ್ಡದಾಯಿತು. ಮಾರಾಟದ ಹುಡುಗ ಹಿಂದಿನಿಂದ ಬಟ್ಟೆಯನ್ನು ಹಿಡಿದೆಳೆದು “ಫಿಟ್ಟಿಂಗ್ ನೋಡಿ ಸಾರ್” ಎಂದರೆ, ಕೈ ಬಿಡಲು ಹೇಳಿ ಆಮೇಲೆ ಕನ್ನಡಿ ನೋಡಿ.

ಈಗ ಈ ವಿಡಿಯೋ ಮಾಡಲು ನನಗೆ ನಿಜವಾದ ಕಾರಣವಾದ ಟೈಗೆ ಬರೋಣ.

(ನಿರೂಪಕರು ಎರಡು ಟೈಗಳನ್ನು ನಡುವೆ ಹಿಡಿದು ಇಳಿಬಿಡುತ್ತಾರೆ. ಒಂದು ನೇರವಾಗಿ ನಿಲ್ಲುತ್ತದೆ, ಇನ್ನೊಂದು ಮೆಲ್ಲಗೆ ತಿರುಗುತ್ತದೆ.)

ಬಲಗೈಯಲ್ಲಿರುವುದು ಹೇಗೆ ತಿರುಚಿಕೊಳ್ಳುತ್ತಿದೆ ನೋಡಿ. ಕೊರಳಿಗೆ ಕಟ್ಟಿದಾಗಲೂ ಇದು ಹೀಗೆಯೇ ಮಗ್ಗುಲಾಗುತ್ತದೆ. ಕಾರಣ ತಿಳಿಯಬೇಕಾದರೆ ಕರವಸ್ತ್ರವೊಂದನ್ನು ಕೈಗೆತ್ತಿಕೊಳ್ಳಿ. ಎರಡು ಅಂಚುಗಳನ್ನು ಹಿಡಿದು ಎಳೆಗಳ ನೇರಕ್ಕೆ ಜಗ್ಗಿದರೆ ಅದು ಜಗ್ಗುವುದೇ ಇಲ್ಲ. ಎದುರುಬದುರಿನ ಮೂಲೆಗಳನ್ನು ಹಿಡಿದು ಜಗ್ಗಿದರೆ ರಬ್ಬರಿನಂತೆ ಹಿಗ್ಗಿ, ಬಿಟ್ಟರೆ ಹಿಂದಕ್ಕೆ ಬರುತ್ತದೆ. ನಮ್ಮ ಮನೆಯ ಹೆಂಗಸರಿಗೆ ಇದು ಹೊಸದೇನಲ್ಲ. ಮೈಗೆ ಸರಿಯಾಗಿ ಕೂರಲೆಂದು ಅವರು ಹೊಲಿಸುವ ಕ್ರಾಸ್ ಕಟ್ಟಿಂಗ್ ರವಿಕೆಯ ಗುಟ್ಟು ಇದೇ. ಒಳ್ಳೆಯ ಟೈಯನ್ನೂ ಬಟ್ಟೆಯ ಮೇಲೆ 45 ಡಿಗ್ರಿ ಓರೆಯಾಗಿ ಕತ್ತರಿಸಿ, ಎರಡು ಮೂರು ತುಂಡುಗಳನ್ನು ಜೋಡಿಸಿ ಹೊಲಿಯುತ್ತಾರೆ. 1920ರ ದಶಕದಲ್ಲಿ ನ್ಯೂಯಾರ್ಕಿನ ಜೆಸ್ಸಿ ಲ್ಯಾಂಗ್ಸ್‌ಡಾರ್ಫ್ ಎಂಬಾತ ಈ ವಿಧಾನಕ್ಕೆ ಪೇಟೆಂಟ್ ಪಡೆದ ಮೇಲೆಯೇ, ಗಂಟು ಬಿಚ್ಚಿದೊಡನೆ ಸುಕ್ಕು ಬಿಟ್ಟು ಮೊದಲಿನಂತಾಗುವ ಇಂದಿನ ಟೈ ರೂಪುಗೊಂಡಿತು. ಓರೆ ಕತ್ತರಿಸಿದರೆ ಬಟ್ಟೆ ಹೆಚ್ಚು ವ್ಯರ್ಥವಾಗುವುದರಿಂದ ತೀರಾ ಅಗ್ಗದ ಟೈ ಮಾಡುವವರು ಅಲ್ಲಿಯೇ ಕೈ ಬಿಗಿ ಹಿಡಿಯುತ್ತಾರೆ, ಕತ್ತರಿ ಸ್ವಲ್ಪ ಆಚೀಚೆಯಾದರೂ ಟೈ ತಿರುಗಲು ಶುರುವಾಗುತ್ತದೆ.

ಇನ್ನೊಂದು ವಿಷಯವನ್ನು ಹೇಳದೆ ಮುಂದೆ ಹೋಗಲು ಮನಸ್ಸು ಬರುತ್ತಿಲ್ಲ. ಒಂದು ರೇಷ್ಮೆ ಟೈಗೆ ನೂರಕ್ಕೂ ಹೆಚ್ಚು ಗೂಡುಗಳು ಬೇಕೆಂದು ಅಂದಾಜು; ದ್ವಿತಳಿ, ಅಂದರೆ ವರ್ಷಕ್ಕೆ ಎರಡು ಪೀಳಿಗೆಯ ಹುಳು ಕಟ್ಟಿದ ಒಳ್ಳೆಯ ಗೂಡೊಂದರ ಎಳೆ ಬಿಚ್ಚಿದರೆ ಸುಮಾರು 1 ಕಿಲೋಮೀಟರ್ ಉದ್ದವಿರುತ್ತದೆ. ಪ್ರಶ್ನೆ ಕೇಳಿದವರ ಊರು ಗೂಡಿನ ಮಾರುಕಟ್ಟೆಗೂ ನೂಲು ಬಿಚ್ಚಾಣಿಕೆಗೂ ಹೆಸರಾದದ್ದು. ಅಂಥ ಊರಿನ ಮದುಮಗ ಫಳಫಳ ಹೊಳೆಯುವ ಪಾಲಿಯೆಸ್ಟರ್ ಟೈ ಕಟ್ಟಿ ನಿಂತರೆ, ಮಾವಿನ ತೋಪಿನ ಯಜಮಾನ ಡಬ್ಬಿಯ ಮಾವಿನ ರಸ ಕೊಂಡು ಕುಡಿದಂತಾಗುವುದಿಲ್ಲವೇ? ಆರತಕ್ಷತೆಯಲ್ಲಿ ಟೈ ಹೇಗಿದ್ದರೂ ಹೆಣ್ಣಿನ ಸೀರೆಗೆ ಹೊಂದಬೇಕೆಂದು ಮನೆಯವರೆಲ್ಲರೂ ಪಟ್ಟು ಹಿಡಿಯುತ್ತಾರೆ. ಹಾಗಿದ್ದರೆ ಆ ರೇಷ್ಮೆ ಸೀರೆಯ ರವಿಕೆ ಕಣದಲ್ಲೇ ಒಂದು ಟೈ ಹೊಲಿಸಿ ನೋಡಿ ಎಂಬುದು ನನ್ನ ಸಲಹೆ. ಜರಿ ಇಲ್ಲದ ಭಾಗವೇ ಇರಲಿ, ಕತ್ತರಿ ಓರೆಯಾಗಿಯೇ ಹೋಗಲಿ, ಒಳಗೆ ದಪ್ಪ ಬಟ್ಟೆಯ ಒತ್ತು ಕೊಡಲಿ. ಹೆಣ್ಣಿನ ಕಡೆಯವರ ಒಪ್ಪಿಗೆ ಪಡೆದು ಕತ್ತರಿಸಿ; ಆಮೇಲೆ ನನ್ನನ್ನು ಹೊಣೆ ಮಾಡಬೇಡಿ.

ಟೈ ಬಗ್ಗೆ ಇಷ್ಟು ಮಾತಾಡಿದ್ದರಿಂದ ಉಳಿದದ್ದನ್ನು ಒಟ್ಟಿಗೆ ಹೇಳಿ ಮುಗಿಸಬೇಕಾಗಿದೆ. ಸೂಟಿನ ಬಣ್ಣ ನೇವಿ ಬ್ಲೂ ಅಥವಾ ಕಡು ಬೂದು ಇರಲಿ. ಅಗ್ಗದ ಕಪ್ಪು ಬಟ್ಟೆ ಮಂಟಪದ ದೀಪಗಳಡಿಯಲ್ಲಿ ಹೊಳೆದು ತನ್ನ ಬೆಲೆಯನ್ನು ತಾನೇ ಹೇಳಿಬಿಡುತ್ತದೆ. ಅಂಗಿ ಬಿಳಿ ಅಥವಾ ತಿಳಿನೀಲಿ ಇದ್ದು, ಟೈ ಅಂಗಿಗಿಂತ ಗಾಢವಾಗಿದ್ದರೆ ಹೊಂದಾಣಿಕೆಯ ಮುಕ್ಕಾಲು ಪಾಲು ಮುಗಿದಂತೆ: ನೇವಿ ಕೋಟು, ಬಿಳಿ ಅಂಗಿ, ಮರೂನ್ ಟೈ ಎಂಬ ಜೋಡಿ ಆರತಕ್ಷತೆಗೂ ಸಂದರ್ಶನಕ್ಕೂ ಸಲ್ಲುತ್ತದೆ. ಅಂಗಿಯಲ್ಲಿ ಗೆರೆಗಳಿದ್ದರೆ ಟೈಯಲ್ಲಿ ಅದೇ ಅಗಲದ ಗೆರೆಗಳು ಬೇಡ, ಏಕೆಂದರೆ ಎರಡೂ ಸೇರಿ ಕ್ಯಾಮೆರಾದಲ್ಲಿ ಕುಣಿಯುತ್ತವೆ. ಟೈಯ ಅಗಲ ಕೋಟಿನ ಲೇಪಲ್, ಅಂದರೆ ಎದೆಯ ಮೇಲೆ ಹೊರಗೆ ಮಡಚಿದ ಪಟ್ಟಿಯ ಅಗಲಕ್ಕೆ ಹತ್ತಿರವಿದ್ದು, ಅದರ ತುದಿ ಬೆಲ್ಟಿನ ಬಕಲ್ ಮುಟ್ಟಿದರೆ ಸಾಕು. ಅಂಗಿಯ ತೋಳು ಕೋಟಿನ ತೋಳಿನಿಂದ ಅರ್ಧ ಅಂಗುಲ ಹೊರಗೆ ಕಾಣಲಿ, ಎರಡು ಗುಂಡಿಯ ಕೋಟಿನಲ್ಲಿ ಕೆಳಗಿನ ಗುಂಡಿಯನ್ನು ಹಾಕಬೇಡಿ. ಈ ಬೆಲೆಯ ಕೋಟುಗಳ ಎದೆಭಾಗದಲ್ಲಿ ಒಳಪದರವನ್ನು ಅಂಟಿನಿಂದ ಕೂರಿಸಿರುತ್ತಾರೆ, ಆದ್ದರಿಂದ ಕಾದ ಇಸ್ತ್ರಿಪೆಟ್ಟಿಗೆಯನ್ನು ನೇರವಾಗಿ ಒತ್ತಬೇಡಿ. ನಾನು ಒತ್ತಿದ್ದೆ, ನನ್ನ ಮೊದಲ ಕೋಟಿನ ಎದೆಯ ಮೇಲೆ ಹಪ್ಪಳದಂತೆ ಗುಳ್ಳೆಗಳೆದ್ದವು.

(ನಿರೂಪಕರು ಬೆನ್ನು ತಿರುಗಿಸಿ ಕೋಟಿನ ಹಿಂದಿನ ಸೀಳನ್ನು ತೋರಿಸುತ್ತಾರೆ.)

ಕೊನೆಯದಾಗಿ, ಹೊಸ ಕೋಟಿನ ಹಿಂಭಾಗದ ಈ ಸೀಳಿನ ಮೇಲೆ ಗುಣಾಕಾರದ ಗುರುತಿನಂತೆ ಎರಡು ಹೊಲಿಗೆ ಹಾಕಿರುತ್ತಾರೆ. ಸಾಗಿಸುವಾಗ ಕೋಟು ಮುದುಡದಿರಲಿ ಎಂದು ಹಾಕಿದ ದಾರ ಅದು, ತೊಡುವ ಮೊದಲು ತೆಗೆಯಬೇಕು. ನನ್ನ ಆರತಕ್ಷತೆಯ ಆಲ್ಬಮ್‌ನಲ್ಲಿ, ನಾನು ಬಾಗಿ ಅಜ್ಜಿಯ ಕಾಲಿಗೆ ನಮಸ್ಕರಿಸುವ ಚಿತ್ರದಲ್ಲಿ, ಆ ಗುಣಾಕಾರದ ಗುರುತು ಇಂದಿಗೂ ಅಚ್ಚುಕಟ್ಟಾಗಿ ಕಾಣುತ್ತದೆ.