ಅಂಚಿಗೆ ಬಂದ ಗೆಂಡೆ

ಕೇಳುಗರಿಗೆ ನಮಸ್ಕಾರ.

ಯುಗಾದಿ ಹತ್ತಿರ ಬಂದಿದೆ. ನಮ್ಮೂರ ಕೆರೆ ಏರಿಯ ಹೊಂಗೆ ಮರಗಳು ಹಳೇ ಎಲೆ ಉದುರಿಸಿ ಎಳೆ ಹಸಿರು ತುಂಬಿಕೊಂಡಿವೆ. ಸಕಲೇಶಪುರ, ಮೂಡಿಗೆರೆ ಕಡೆಯ ಕಾಫಿ ಬೆಳೆಗಾರರು ಹೂಮಳೆಗೆ ಕಾಯುತ್ತಿದ್ದಾರೆ. ನಾನು ಗೆಂಡೆ ಮೀನಿಗೆ, ಅಂದರೆ ಕಾಮನ್ ಕಾರ್ಪ್‌ಗೆ, ಕಾಯುತ್ತಿದ್ದೇನೆ. ಗಾಳ ಹಾಕುವ ಅಭ್ಯಾಸ ಇರುವವರಿಗೆ ವರ್ಷದಲ್ಲಿ ಇದಕ್ಕಿಂತ ಒಳ್ಳೆಯ ಕಾಲ ಇನ್ನೊಂದಿಲ್ಲ.

ಹಳೇಬೀಡಿಗೂ ಬೇಲೂರಿಗೂ ನಡುವೆ ನಮ್ಮೂರು. ಕೆರೆ ದೊಡ್ಡದೇನಲ್ಲ. ದ್ವಾರಸಮುದ್ರದ ಕೆರೆಯ ಮುಂದೆ ಅದೊಂದು ಹೊಂಡ ಇದ್ದ ಹಾಗೆ. ಈ ತಿಂಗಳಲ್ಲಿ ನೀರು ಕೆರೆಯಂಗಳದಿಂದ ಸರಿದು ಏರಿಯ ಕಡೆ ಕುಗ್ಗಿರುತ್ತದೆ. ಹಿಂದಿನ ಅಂಚಿನಲ್ಲಿ ಮೊಣಕಾಲುದ್ದ ನೀರು, ಅದರಲ್ಲಿ ಜೊಂಡು. ಬೆಳಿಗ್ಗೆ ಆರು ಗಂಟೆಗೆ ಹೋಗಿ ಅಲ್ಲಿ ಸುಮ್ನೆ ನಿಂತುಕೊಳ್ಳಬೇಕು. ಗಾಳಿ ಇರುವುದಿಲ್ಲ. ಆದರೂ ಒಂದು ಕಡೆ ಜೊಂಡು ಅಲುಗಾಡುತ್ತದೆ. ಮೊದಲು ಒಂದೇ ಒಂದು ಕಡ್ಡಿ. ಆಮೇಲೆ ಅದರ ಪಕ್ಕದ್ದು. ಆಮೇಲೆ ಅದರಾಚೆಯದು. ಬುಡದಲ್ಲಿ ಯಾರೋ ಮೈ ಉಜ್ಜಿಕೊಂಡು ಹೋಗುತ್ತಿದ್ದಾರೆ ಅಂತ ಗೊತ್ತಾಗುತ್ತದೆ. ಅದೇ ಗೆಂಡೆ.

ಚಳಿಗಾಲದಲ್ಲಿ ಈ ಮೀನು ತೂಬಿನ ಹತ್ತಿರದ ಆಳದಲ್ಲಿ ಇರುತ್ತದೆ. ಹಾಸನ ಸಮುದ್ರ ಮಟ್ಟದಿಂದ 900 ಮೀಟರಿಗಿಂತ ಎತ್ತರದಲ್ಲಿರುವ ಜಾಗ. ಡಿಸೆಂಬರ್, ಜನವರಿಯ ಬೆಳಿಗ್ಗೆ ಇಲ್ಲಿನ ಕೆರೆಗೆ ಕೈ ಹಾಕಿದರೆ ಬೆರಳು ಸೆಟೆದುಕೊಳ್ಳುತ್ತವೆ. ಮೀನಿನ ಮೈಯ ಬಿಸಿ ನೀರಿನ ಬಿಸಿಯನ್ನೇ ನಂಬಿಕೊಂಡಿದೆ. ನೀರು ತಣ್ಣಗಾದರೆ ಅದರ ಹಸಿವೂ ಕಮ್ಮಿ, ಓಡಾಟವೂ ಕಮ್ಮಿ. ಶಿವರಾತ್ರಿ ಕಳೆದ ಮೇಲೆ ಅಂಚಿನ ತೆಳು ನೀರು ಬೇಗ ಬಿಸಿಯಾಗುತ್ತದೆ, ಅಲ್ವಾ? ಗೆಂಡೆ ಅಲ್ಲಿಗೆ ಬರುತ್ತದೆ. ಬರುವುದಕ್ಕೆ ಇನ್ನೊಂದು ಕಾರಣವೂ ಇದೆ. ಅದನ್ನು ಆಮೇಲೆ ಹೇಳುತ್ತೇನೆ.

ನನಗೆ ಗಾಳ ಹಿಡಿಸಿದ್ದು ನಮ್ಮ ಚಿಕ್ಕಪ್ಪ. ಮಾತು ಕಮ್ಮಿ. ಅವರ ಹತ್ತಿರ ಒಂದು ಬಿದಿರು ಗಳ, ಒಂದಷ್ಟು ನೈಲಾನ್ ದಾರ, ಬೆಂಕಿಪೊಟ್ಟಣದಲ್ಲಿ ನಾಲ್ಕು ಗಾಳ ಇರುತ್ತಿದ್ದವು. ಬೆಂಡಿಗೆ ಜೋಳದ ದಂಟಿನ ತಿರುಳು ಕಟ್ಟುತ್ತಿದ್ದರು. ಹೊಲದಲ್ಲಿ ಬಿದ್ದ ನವಿಲುಗರಿ ಸಿಕ್ಕಿದರೆ ಅದರ ಕಡ್ಡಿ. ಈಗ ಅಂಗಡಿಯಲ್ಲಿ ಬಣ್ಣಬಣ್ಣದ ಬೆಂಡು ಸಿಗುತ್ತದೆ. ನಾನು ಎಲ್ಲವನ್ನೂ ಹಾಕಿ ನೋಡಿದ್ದೇನೆ. ಗೆಂಡೆಗೆ ನವಿಲುಗರಿ ಕಡ್ಡಿಯಷ್ಟು ಸೂಕ್ಷ್ಮವಾದದ್ದು ಇನ್ನೂ ಕಂಡಿಲ್ಲ.

ತಿನಿಸು ಎರಡೇ. ಬೆಳಿಗ್ಗೆ ತಣ್ಣಗಿರುವಾಗ ಎರೆಹುಳು. ಬಿಸಿಲು ಏರಿದ ಮೇಲೆ ರಾಗಿ. ರಾಗಿ ಹಿಟ್ಟನ್ನು ಗಟ್ಟಿಯಾಗಿ ಮುದ್ದೆ ತಿರುವಿಕೊಂಡು, ಆರಿದ ಮೇಲೆ ಕಡಲೆಕಾಯಿ ಹಿಂಡಿ ಪುಡಿ ಸೇರಿಸಿ ನಾದಬೇಕು. ಎಷ್ಟು ನಾದಬೇಕು ಅಂತ ಕೇಳಿದರೆ ಚಿಕ್ಕಪ್ಪ ನನ್ನ ಕಿವಿಯ ಹಾಲೆ ಹಿಡಿದು, "ಇಷ್ಟು ಮೆತ್ತಗಾಗ್ಬೇಕು ನೋಡು" ಅನ್ನುತ್ತಿದ್ದರು. ಗಾಳಕ್ಕೆ ಹುಣಸೆ ಬೀಜದಷ್ಟು ಉಂಡೆ ಸಾಕು. ಜಾಸ್ತಿ ಹಾಕಿದರೆ ಮೀನು ಸುತ್ತಲೂ ಚೂರು ಚೂರೇ ಕಿತ್ತು ತಿಂದು ಹೋಗುತ್ತದೆ.

ಈಗ ಮುಖ್ಯವಾದ ಮಾತು. ಬೆಂಡು ಮುಳುಗಿದಾಗ ಎಳೆಯಬೇಕು ಅಂತ ಎಲ್ಲರೂ ಅಂದುಕೊಂಡಿರುತ್ತಾರೆ. ಗೆಂಡೆ ಕಚ್ಚಿದರೆ ಎಷ್ಟೋ ಸಲ ಬೆಂಡು ಮುಳುಗುವುದೇ ಇಲ್ಲ, ಮೇಲೇಳುತ್ತದೆ. ಇದು ಯಾಕೆ ಹೀಗೆ ಅಂತ ನನಗೆ ಅರ್ಥವಾಗಲು ವರ್ಷಗಳೇ ಬೇಕಾದವು. ಗೆಂಡೆಯ ಬಾಯಲ್ಲಿ ಹಲ್ಲಿಲ್ಲ, ಗಂಟಲಲ್ಲಿವೆ. ಬಾಯಿಯ ಎರಡೂ ಕಡೆ ಸಣ್ಣ ಮೀಸೆಗಳು, ಒಟ್ಟು ನಾಲ್ಕು. ಅದು ತಲೆ ಕೆಳಗೆ ಮಾಡಿ, ಮೀಸೆಯಿಂದ ಕೆಸರನ್ನು ಮುಟ್ಟಿ ನೋಡಿ, ತುಟಿಯನ್ನು ಕೊಳವೆಯ ಹಾಗೆ ಮುಂದೆ ಚಾಚಿ ತಿನಿಸನ್ನು ಹೀರಿಕೊಳ್ಳುತ್ತದೆ. ಆಮೇಲೆ ಮೈ ನೆಟ್ಟಗೆ ಮಾಡಿಕೊಳ್ಳುತ್ತದೆ. ಗಾಳದ ಹತ್ತಿರ ನಾವು ಕಚ್ಚಿಸಿದ ಸೀಸದ ಗುಂಡು ಅದರ ಬಾಯಿಯ ಜೊತೆ ಮೇಲೆದ್ದುಬಿಡುತ್ತದೆ. ಕೆಳಗೆ ಎಳೆಯುತ್ತಿದ್ದ ಭಾರ ಹೋದರೆ ಬೆಂಡು ಏನು ಮಾಡಬೇಕು? ನೆಟ್ಟಗೆ ನಿಂತಿದ್ದ ಕಡ್ಡಿ ಒಂದು ಬೆರಳು ಮೇಲೆ ಬಂದು, ಓಲಾಡಿ, ನೀರಿನ ಮೇಲೆ ಅಡ್ಡ ಮಲಗುತ್ತದೆ. ಆಗಲೇ ಗಳ ಎತ್ತಬೇಕು. ಮೊದಲು ಎರಡು ಮೂರು ಗುಳ್ಳೆ ಬರುತ್ತವೆ, ಬೆಂಡು ಒಮ್ಮೆ ನಡುಗುತ್ತದೆ. ಆ ನಡುಕಕ್ಕೆ ಕೈ ಹಾಕಬಾರದು. "ಕೈ ಕಟ್ಕೊಂಡು ಕೂತ್ಕೋ ಮಗಾ, ಮಲಗೋವರೆಗೂ ಮುಟ್ಬೇಡ" ಅಂತ ಚಿಕ್ಕಪ್ಪ ಪಿಸುಗುಟ್ಟುತ್ತಿದ್ದರು. ಈಗಲೂ ಬೆಂಡು ನಡುಗಿದರೆ ನನಗೆ ಆ ಪಿಸುಮಾತು ಕೇಳಿಸುತ್ತದೆ.

ನನ್ನ ತಂಗಿಯ ಮಗ ಕೆಲಸಕ್ಕೆ ಅಂತ ಫಿನ್‌ಲ್ಯಾಂಡಿಗೆ ಹೋಗಿದ್ದಾನೆ. ಅವನಿಗೂ ಗಾಳ ಹಿಡಿಸಿದ್ದು ಈ ಕೆರೆಯೇ. ಅಲ್ಲಿ ಅವನು ವಸಂತದಲ್ಲಿ ಹಿಡಿಯುವುದು ಕ್ರೂಷಿಯನ್ ಕಾರ್ಪ್ ಅನ್ನುವ ಮೀನನ್ನು. ನಮ್ಮ ಗೆಂಡೆಗೆ ದಾಯಾದಿ. ಮನೆಯ ಗಾಜಿನ ತೊಟ್ಟಿಯಲ್ಲಿ ಸಾಕುವ ಗೋಲ್ಡ್ ಫಿಶ್‌ಗೆ ಇನ್ನೂ ಹತ್ತಿರದ ನೆಂಟ. ಕಂಚಿನ ಬಣ್ಣ, ಅಗಲ ಮೈ, ಮೀಸೆ ಇಲ್ಲ. ಬೆನ್ನಿನ ರೆಕ್ಕೆ ಕಮಾನಿನ ಹಾಗೆ ಹೊರಗೆ ಬಾಗಿರುತ್ತದೆ. ಫೋನಿನಲ್ಲಿ ಅವನು ಹೇಳಿದ್ದನ್ನು ಕೇಳಿ, ಆಮೇಲೆ ನಾನೇ ಓದಿ, ಈ ಮೀನಿನ ಮೇಲೆ ನನಗೆ ದೊಡ್ಡ ಗೌರವ ಹುಟ್ಟಿದೆ.

ಅಲ್ಲಿನ ಸಣ್ಣ ಕೊಳಗಳು ಚಳಿಗಾಲದಲ್ಲಿ ಹೆಪ್ಪುಗಟ್ಟುತ್ತವೆ. ಮಂಜುಗಡ್ಡೆಯ ಮೇಲೆ ಹಿಮ ಕೂತು ಬೆಳಕು ನಿಲ್ಲುತ್ತದೆ. ನೀರಿನಲ್ಲಿದ್ದ ಆಮ್ಲಜನಕ ಮುಗಿದುಹೋಗುತ್ತದೆ. ಬೇರೆ ಮೀನೆಲ್ಲ ಸಾಯುವ ಅಂಥ ನೀರಿನಲ್ಲಿ ಇದು ತಿಂಗಳುಗಟ್ಟಲೆ ಬದುಕಿರುತ್ತದೆ. ಉಸಿರಿಲ್ಲದೆ ದುಡಿದ ಮೈಯಲ್ಲಿ ಹುಳಿಯ ಅಂಶ ಸೇರಿಕೊಳ್ಳುತ್ತದೆ, ಅದು ಜಾಸ್ತಿಯಾದರೆ ಸಾವೇ. ಈ ಮೀನು ಅದನ್ನು ಮದ್ಯಸಾರವಾಗಿ ಬದಲಾಯಿಸಿ ಕಿವಿರಿನ ಮೂಲಕ ಹೊರಗೆ ಬಿಟ್ಟುಬಿಡುತ್ತದೆ. ಓಸ್ಲೋ ಮತ್ತು ಲಿವರ್‌ಪೂಲ್ ವಿಶ್ವವಿದ್ಯಾಲಯಗಳ ವಿಜ್ಞಾನಿಗಳು 2017ರಲ್ಲಿ ಇದರ ಒಳಗುಟ್ಟನ್ನು ಬಿಡಿಸಿ ಹೇಳಿದರು. ಹೀಗೆ ಬದುಕುವಾಗ ಮೀನಿನ 100 ಮಿಲಿಲೀಟರ್ ರಕ್ತದಲ್ಲಿ ಮದ್ಯಸಾರ 50 ಮಿಲಿಗ್ರಾಂ ದಾಟುತ್ತದಂತೆ. ನಮ್ಮ ದೇಶದಲ್ಲಿ ಗಾಡಿ ಓಡಿಸುವವರಿಗೆ ಕಾನೂನು ಇಟ್ಟಿರುವ ಮಿತಿ 30. ಲೆಕ್ಕ ಹಾಕಿ ನೋಡಿ, ಎಂಥ ಜೀವ! ನಮ್ಮ ಕೊರಮೀನು ಉಸಿರು ಸಾಲದಿದ್ದರೆ ಮೇಲೆ ಬಂದು ಗಾಳಿ ಕುಡಿಯುತ್ತದೆ. ತಲೆಯ ಮೇಲೆ ಮಂಜುಗಡ್ಡೆ ಮುಚ್ಚಿದ ಮೀನಿಗೆ ಆ ದಾರಿಯೂ ಇಲ್ಲ.

ಮಂಜು ಕರಗಿದ ಮೇಲೆ ಅದೂ ಬಿಸಿಲು ಬೀಳುವ ತೆಳು ಅಂಚಿಗೇ ಬರುತ್ತದೆ. ಸಣ್ಣ ಗಾಳ, ಸಣ್ಣ ಹುಳು, ತೆಳ್ಳಗಿನ ಬೆಂಡು. ಅಲ್ಲೂ ಬೆಂಡು ಎದ್ದು ಮಲಗುವುದನ್ನೇ ಕಾಯುತ್ತಾರೆ. ಬಿಸಿಲು ಇನ್ನೂ ಏರಿ ನೀರು 17-18 ಡಿಗ್ರಿ ದಾಟಿದರೆ ಗಿಡಗಳ ನಡುವೆ ಮೊಟ್ಟೆ ಇಡುತ್ತದೆ.

ನಮ್ಮ ಗೆಂಡೆ ಅಂಚಿಗೆ ಬರುವ ಇನ್ನೊಂದು ಕಾರಣವೂ ಅದೇ. ಮೊಟ್ಟೆ.

ಒಂದು ವಿಷಯ ತುಂಬ ಜನರಿಗೆ ಗೊತ್ತಿಲ್ಲ. ನಮ್ಮ ಕೆರೆಗಳಲ್ಲಿ ಬೆಳೆಯುವ ಕಾಟ್ಲಾ, ರೋಹು, ಮೃಗಾಲ್ ಕೆರೆಯ ನಿಂತ ನೀರಿನಲ್ಲಿ ಮರಿ ಮಾಡುವುದಿಲ್ಲ. ಅವಕ್ಕೆ ಮಳೆಗಾಲದ ಹರಿಯುವ ಹೊಸ ನೀರು ಬೇಕು. 1957ರ ಜುಲೈ 10ರಂದು ಒಡಿಶಾದಲ್ಲಿ ಹೀರಾಲಾಲ್ ಚೌಧುರಿ ಮತ್ತು ಕೆ.ಎಚ್. ಅಲಿಕುನ್ಹಿ ಅವರು ಚುಚ್ಚುಮದ್ದು ಕೊಟ್ಟು ಇಂಥ ಮೀನಿಗೆ ಮರಿ ಮಾಡಿಸಿದರು. ಅದಕ್ಕೇ ಆ ದಿನವನ್ನು ಮೀನು ಕೃಷಿಕರ ದಿನ ಅಂತ ಆಚರಿಸುತ್ತಾರೆ. ಇವತ್ತಿಗೂ ಆ ಮೀನುಗಳ ಮರಿಯನ್ನು ಹೊರಗಿಂದ ತಂದೇ ಕೆರೆಗೆ ಬಿಡಬೇಕು. ಗೆಂಡೆಗೆ ಅದು ಬೇಕಿಲ್ಲ. ಜೊಂಡು, ಪಾಚಿ ಇದ್ದರೆ ಸಾಕು, ತಾನೇ ಸಂಸಾರ ಬೆಳೆಸಿಕೊಳ್ಳುತ್ತದೆ.

ಹಾಗಂತ ಗೆಂಡೆ ನಮ್ಮ ನಾಡಿನ ಮೂಲ ಮೀನಲ್ಲ. 1939ರಲ್ಲಿ ಶ್ರೀಲಂಕಾದಿಂದ ಊಟಿಗೆ ಬಂತು. 1957ರಲ್ಲಿ ಬ್ಯಾಂಕಾಕಿನಿಂದ ಇನ್ನೊಂದು ತಳಿ ತಂದರು, ಬಯಲಿನ ಕೆರೆಗಳಿಗೆಲ್ಲ ಹಬ್ಬಿದ್ದು ಅದು. ಕೆಸರು ಕೆದಕಿ ನೀರು ಕದಡುವ ಗುಣ ಇದಕ್ಕಿದೆ. ಆದ್ದರಿಂದ ಹಿಡಿದ ಗೆಂಡೆಯನ್ನು ಹೊಳೆಗೆ, ಹಳ್ಳಕ್ಕೆ ದಯವಿಟ್ಟು ಬಿಡಬೇಡಿ. ಅಲ್ಲಿ ಪಕ್ಕೆ ಅನ್ನುವ ನಮ್ಮ ನಾಡಿನ ಮೀನುಗಳಿವೆ, ಅವು ಅವುಗಳ ಪಾಡಿಗೆ ಇರಲಿ. ಇನ್ನು, ಕೆರೆ ಗುತ್ತಿಗೆಗೆ ಹೋಗಿದ್ದರೆ ಕೇಳಿಯೇ ಗಾಳ ಹಾಕಬೇಕು. ರಾಮನಾಥಪುರದಲ್ಲಿ, ಶೃಂಗೇರಿಯಲ್ಲಿ ನಾವು ಪುರಿ ಹಾಕಿ ಕೈಮುಗಿಯುವ ಮೀನುಗಳ ಮಾತೇ ಬೇರೆ. ಅಲ್ಲಿ ಗಾಳದ ಯೋಚನೆಯೂ ಬರಬಾರದು.

ಒಂದು ಕೆಜಿ ತೂಕದ ತಾಯಿ ಗೆಂಡೆಯ ಹೊಟ್ಟೆಯಲ್ಲಿ ಸುಮಾರು ಒಂದು ಲಕ್ಷ ಮೊಟ್ಟೆ ಇರುತ್ತವೆ. ನನಗೆ ಹದಿನಾರು ವಯಸ್ಸಿದ್ದಾಗ ಇದೇ ಕಾಲದಲ್ಲಿ ಮೂರು ಕೆಜಿಯ ಗೆಂಡೆ ಸಿಕ್ಕಿತು. ಹೊಟ್ಟೆ ಉಬ್ಬಿಕೊಂಡು ಮೆತ್ತಗಿತ್ತು. ಮನೆಯಲ್ಲಿ ಅವ್ವ ಕೊಯ್ದರೆ ಒಂದು ದೊಡ್ಡ ತಟ್ಟೆ ತುಂಬ ಮೊಟ್ಟೆ. ಎಲ್ಲರೂ ಹುರಿದು ತಿಂದೆವು, ರುಚಿಯಾಗಿಯೇ ಇತ್ತು. ಚಿಕ್ಕಪ್ಪ ಮಾತ್ರ ತಟ್ಟೆ ನೋಡಿ, "ಮುಂದಿನ ವರ್ಷದ ಕೆರೆ ಇದು" ಅಂದರು. ಬೈಯಲಿಲ್ಲ. ಆಮೇಲಿಂದ ಮಾರ್ಚ್ ತಿಂಗಳಲ್ಲಿ ಹೊಟ್ಟೆ ಉಬ್ಬಿದ ಮೀನು ಬಂದರೆ ಕೈ ಒದ್ದೆ ಮಾಡಿಕೊಂಡು, ಗಾಳ ಬಿಡಿಸಿ, ಅದೇ ಕೆರೆಗೆ ಬಿಡುತ್ತೇನೆ. ಸಾರಿಗೆ ಒಂದು ಗಂಡು ಮೀನು ಸಾಕು. ಹೊಟ್ಟೆಯನ್ನು ಮೆಲ್ಲಗೆ ಒತ್ತಿದರೆ ಹಾಲಿನಂಥದ್ದು ಬರುತ್ತದೆ, ಗಂಡು ಅಂತ ಹಾಗೆ ತಿಳಿಯುತ್ತದೆ.

ಕೆಲವು ವರ್ಷಗಳ ಹಿಂದೆ ಯುಗಾದಿಗೆ ಮುಂಚೆ ಕೆರೆಯಂಗಳದ ಹೂಳೆತ್ತಲು ಯಂತ್ರ ಬಂತು. ಹೂಳೆತ್ತಬೇಕಾದ್ದೇ. ಆದರೆ ಅಂಚಿನ ಜೊಂಡನ್ನೂ ಬುಡಸಮೇತ ಕೆರೆದು ದಡದಲ್ಲಿ ರಾಶಿ ಹಾಕಿದರು. ಸಂಜೆ ಹೋಗಿ ಒಂದು ಬೇರು ಎತ್ತಿ ನೋಡಿದೆ. ಬೇರಿನ ತುಂಬ ಸಾಸಿವೆಗಿಂತ ಚಿಕ್ಕ, ತಿಳಿ ಹಳದಿ ಮಣಿಗಳು ಒಣಗಿ ಅಂಟಿದ್ದವು. ಹತ್ತು ದಿನ ತಡೆದಿದ್ದರೆ, ಇಲ್ಲವೇ ಒಂದು ಪಟ್ಟಿ ಜೊಂಡು ಬಿಟ್ಟಿದ್ದರೆ ಆಗುತ್ತಿತ್ತು. ನಿಮ್ಮೂರಿನಲ್ಲಿ ಇಂಥ ಕೆಲಸ ನಡೆಯುವಾಗ ಪಂಚಾಯಿತಿಯವರಿಗೆ ಈ ಒಂದು ಮಾತು ಹೇಳಿ. ಆ ಸಲ ನಾನು ಹೇಳಲಿಲ್ಲ. ಆ ಸಂಕಟ ಇನ್ನೂ ಹೋಗಿಲ್ಲ.

ಈಗ ಜೊಂಡು ಮತ್ತೆ ಬೆಳೆದಿದೆ. ಹೋದ ಗುರುವಾರ ಬೆಳಗಿನ ಜಾವ ಅಂಚಿನಲ್ಲಿ ಪಟಪಟ ಸದ್ದು. ಒಂದು ತಾಯಿ ಮೀನು, ಅದರ ಹಿಂದೆ ಮೂರು ಗಂಡು, ಬೆನ್ನೆಲ್ಲ ನೀರಿನ ಮೇಲೆ. ನಾನು ಗಾಳ ಬಿಚ್ಚಲೇ ಇಲ್ಲ. ಬಿಸಿಲು ಬಂದ ಮೇಲೆ ಒಂದು ಬೇರನ್ನು ನೀರಿನೊಳಗೇ ಸ್ವಲ್ಪ ಎತ್ತಿ ನೋಡಿದರೆ ಮಣಿಗಳು ಅಂಟಿದ್ದವು. ಮಾರನೇ ದಿನ ಪ್ರತಿ ಮಣಿಯಲ್ಲೂ ಎರಡು ಕಪ್ಪು ಚುಕ್ಕಿ, ಕಣ್ಣು. ಭಾನುವಾರ ಹೋದಾಗ ಮಣಿಗಳಿರಲಿಲ್ಲ. ರೆಪ್ಪೆಗೂದಲಿನಷ್ಟು ಸಣ್ಣ ಮರಿಗಳು ಬೇರಿಗೆ ತಲೆ ಅಂಟಿಸಿಕೊಂಡು ನೇತಾಡುತ್ತಿದ್ದವು.

ಆ ರಾತ್ರಿ ತಂಗಿಯ ಮಗನ ಫೋನ್ ಬಂತು. "ಮಾವ, ಇಲ್ಲಿ ಕೊಳದ ಮೇಲೆ ಇನ್ನೂ ನಡೆದುಕೊಂಡು ಹೋಗಬಹುದು, ಅಷ್ಟು ಗಟ್ಟಿ ಇದೆ" ಅಂದ. ಅವನ ಮೀನು ಆ ಗಡ್ಡೆಯ ಕೆಳಗೆ, ಕತ್ತಲಲ್ಲಿ, ಉಸಿರಿಲ್ಲದೆ ಇದೆ. ನಾನು ಮರಿಗಳ ಸುದ್ದಿ ಹೇಳಿದೆ. ಎಷ್ಟು ಉದ್ದ ಇವೆ, ಯಾವ ಕಡೆ ತಲೆ ಮಾಡಿವೆ, ಎಲ್ಲವನ್ನೂ ಕೇಳಿಕೊಂಡ.

ನಾಳೆ ಬೆಳಿಗ್ಗೆ ನಾನು ತೂಬಿನ ಮೂಲೆಗೆ ಹೋಗುತ್ತೇನೆ. ಜೊಂಡಿನ ಕಡೆ ಇನ್ನೊಂದು ವಾರ ಗಾಳ ಹಾಕುವುದಿಲ್ಲ.

ನಮಸ್ಕಾರ.